ಮೂರನೆಯ ಕೊಯ್ತದ ಪ್ರಶ್ನೆಗೆ ತಾರೀಖು ಕೊಟ್ಟ ಆಸ್ಪತ್ರೆಗೆ

ಹೆರಿಗೆ ಆಸ್ಪತ್ರೆಯ ಮಾನ್ಯ ಮುಖ್ಯ ವೈದ್ಯಾಧಿಕಾರಿಗಳೇ,

ಲೋಕದಲ್ಲಿ ಮೊಟ್ಟಮೊದಲ ಸಿಸೇರಿಯನ್ ನಡೆದಾಗ ಡಾಕ್ಟರ ಕೈಗೆ ಕತ್ತಿಯನ್ನು ಸಾಣೆ ಹಿಡಿದು ಕೊಟ್ಟವನು ನಾನೇ. ಆಗಿನ್ನೂ ನನಗೆ ಮೀಸೆ ಸರಿಯಾಗಿ ಮೂಡಿರಲಿಲ್ಲ. ಇಷ್ಟು ಹಿರಿತನವಿರುವ ಮನುಷ್ಯ ನಿಮ್ಮ ಮೇಲೆ ಹೊರಿಸುತ್ತಿರುವ ದೂರು ಬಹಳ ಸಣ್ಣದು. ನನ್ನ ತಂಗಿಯ ಮಗಳು ನಿಮ್ಮಲ್ಲಿಗೆ ಬಂದು ಒಂದು ಪ್ರಶ್ನೆ ಕೇಳಿದಳು. ನೀವು ಅವಳಿಗೆ ಒಂದು ತಾರೀಖು ಕೊಟ್ಟು ಕಳಿಸಿದಿರಿ.

ಅವಳಿಗೆ ನಿಮ್ಮಲ್ಲೇ ಎರಡು ಸಲ ಹೊಟ್ಟೆ ಕೊಯ್ದು ಮಗು ತೆಗೆದಿದ್ದಾರೆ. ಈಗ ಏಳು ತಿಂಗಳ ಬಸುರಿ. ಮೂರನೆಯ ಸಲವೂ ಕೊಯ್ದರೆ ಅಪಾಯವಿದೆಯೇ? ಇಷ್ಟೇ ಪ್ರಶ್ನೆ. ಹಳ್ಳಿ ಶಾಲೆಯಲ್ಲಿ ಓದಿದ ನನಗೇ ಅರ್ಥವಾಗಿದೆ, ವಿದೇಶಕ್ಕೆ ಹೋಗಿ ಓದಿಬಂದ ನಿಮಗೆ ಅರ್ಥವಾಗದೆ ಇರುತ್ತದೆಯೇ?

ಉತ್ತರ ಸಿಕ್ಕೇ ಸಿಗುತ್ತದೆಂದು ನಾನು ನಮ್ಮ ಬೀದಿಯ ಕ್ಷೌರಿಕನ ಜೊತೆ ಪಂದ್ಯ ಕಟ್ಟಿದ್ದೆ. ನನ್ನ ಧೈರ್ಯಕ್ಕೆ ನಿಮ್ಮ ಬಾಗಿಲ ಮೇಲಿನ ಬೋರ್ಡೇ ಆಧಾರ: "ಸಂಶಯವಿದ್ದರೆ ಕೇಳಿ, ನಾವಿರುವುದೇ ಅದಕ್ಕೆ." ಕ್ಷೌರಿಕ ಕತ್ತರಿ ಆಡಿಸುತ್ತಲೇ ನಕ್ಕ. "ಸಾಣೆ ಮಾವ, ಆ ಬೋರ್ಡು ಬರೆದ ಪೇಂಟರು ಬಾಕಿ ದುಡ್ಡು ಯಾವಾಗ ಕೊಡ್ತೀರಿ ಅಂತ ಅಲ್ಲೇ ಕೇಳ್ತಾ ಇದಾನೆ. ಅವನಿಗೇ ಇನ್ನೂ ಉತ್ತರ ಬಂದಿಲ್ಲ!" ಪಂದ್ಯದಲ್ಲಿ ನಾನು ಐದು ಸಾವಿರ ಕಳೆದುಕೊಂಡ ಸಂಗತಿ ಈಗ ಬೀದಿಗೆಲ್ಲ ಗೊತ್ತು.

ಮೊದಲ ಕಿಟಕಿಯಲ್ಲಿ ನರ್ಸಮ್ಮ ತಲೆ ಎತ್ತದೆ ಕೇಳಿದರು: "ಆಪರೇಷನ್ ಡೇಟ್ ಸಿಕ್ಕಿದೆಯಲ್ಲಮ್ಮ?"

"ಡೇಟ್ ಸಿಕ್ಕಿದೆ ಸಿಸ್ಟರ್, ಉತ್ತರ ಸಿಕ್ಕಿಲ್ಲ."

"ಉತ್ತರ ಒಳಗೆ. ಹೋಗಿ ಕೂತ್ಕೋ."

ಒಳಗೆ ಹೋದರೆ ನಿಮ್ಮ ಡಾಕ್ಟರು ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದಿದ್ದರು. "ಹಿಂದಿನ ಎರಡೂ ಚೆನ್ನಾಗೇ ಆಗಿದೆ ತಾನೆ? ಮತ್ತೇನಮ್ಮ ಹೆದರಿಕೆ? ಇಂಟರ್‌ನೆಟ್ಟಲ್ಲಿ ಏನೇನೋ ಓದ್ಬೇಡ."

"ಓದ್ಬಾರ್ದು ಅಂತಲೇ ನಿಮ್ಮನ್ನ ಕೇಳ್ತಿದೀನಿ, ಡಾಕ್ಟ್ರೇ."

ಅಷ್ಟರಲ್ಲಿ ಮುಂದಿನ ಹೆಸರು ಕೂಗಿದರು.

ಎಂಥ ತರ್ಕ ಸ್ವಾಮಿ! ಎರಡು ಸಲ ರೈಲು ಹಳಿ ದಾಟಿ ಬದುಕಿದವನು ಮೂರನೆಯ ಸಲ ಕಣ್ಣು ಮುಚ್ಚಿಕೊಂಡೇ ದಾಟಬಹುದು ಎಂದಾಯಿತು. ನಮ್ಮ ಮನೆಯವರೂ ಹಾಗೇ ನಂಬಿದ್ದರು ಅನ್ನಿ. "ಒಂದ್ಸಲ ಕೊಯ್ದ ಜಾಗ, ಡಾಕ್ಟ್ರಿಗೆ ದಾರಿ ಗೊತ್ತಿರುತ್ತೆ, ಮುಂದಿಂದು ಸಲೀಸು" ಎಂದು ನನ್ನ ತಂಗಿ ಅಕ್ಕಪಕ್ಕದವರಿಗೆಲ್ಲ ಪಾಠ ಹೇಳುತ್ತಿದ್ದಳು. ಅವಳು ಓದಿದವಳಲ್ಲ, ಬಿಡಿ. ಓದಿದ ನೀವು ಅದನ್ನೇ ಹೇಳಲು ಅಷ್ಟು ವರ್ಷ ಕಾಲೇಜಿಗೆ ಯಾಕೆ ಹೋದಿರಿ?

ಕೊಯ್ಯುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಮೊದಲನೆಯ ಸಲ ಮಗು ಅಡ್ಡ ಮಲಗಿತ್ತು, ಕೊಯ್ದಿರಿ, ಇಬ್ಬರೂ ಉಳಿದರು. ನಿಮಗೆ ಕೈ ಮುಗಿದಿದ್ದೇವೆ. ಎರಡನೆಯ ಸಲ "ಸಹಜವಾಗಿ ಆಗುತ್ತಾ ನೋಡೋಣವೇ" ಎಂದು ಅವಳು ಕೇಳುವಷ್ಟರಲ್ಲೇ ಬಟ್ಟೆ ಬದಲಿಸಲು ಹೇಳಿದಿರಿ. ಈ ಗಾಯ ಮುಂದಿನ ಬಸಿರಿಗೂ ಲೆಕ್ಕಕ್ಕೆ ಬರುತ್ತದೆಂದು ಆ ಎರಡು ಸಲದಲ್ಲಿ ಒಮ್ಮೆಯಾದರೂ ಯಾರಾದರೂ ಬಾಯಿ ಬಿಟ್ಟರೇ?

ಕಡೆಗೆ ಪೇಟೆ ಬೀದಿಯ ಸ್ಕ್ಯಾನಿಂಗ್ ಸೆಂಟರಿಗೆ ಹೋದೆವು. ಅಲ್ಲಿನ ಡಾಕ್ಟರಮ್ಮ ಪರದೆಯನ್ನು ಅವಳ ಕಡೆಗೇ ತಿರುಗಿಸಿದರು. "ನೋಡಮ್ಮ, ಮೂರನೇದು ಮಾಡಿಸ್ಕೊಂಡು ಆರಾಮಾಗಿ ಮನೆಗೆ ಹೋದೋರು ಬೇಕಾದಷ್ಟು ಜನ ಇದಾರೆ. ಆದ್ರೆ ಸಲದಿಂದ ಸಲಕ್ಕೆ ಅಪಾಯ ಏರುತ್ತೆ. ಒಳಗೆ ಕರುಳು, ಮೂತ್ರಚೀಲ ಅಂಟ್ಕೊಂಡಿರಬಹುದು. ನಿಂದು ಅದಕ್ಕಿಂತ ಹೆಚ್ಚು ನೋಡ್ಬೇಕಾದ್ದು. ಮಗುವಿಗೆ ಊಟ ಕೊಡೋ ಮಾಸು ಕೆಳಗಿಳಿದು ಹಳೇ ಗಾಯದ ಮೇಲೇ ಕೂತಿದೆ. ಅದು ಗಾಯದೊಳಗೆ ಬೇರು ಬಿಟ್ಟಿದ್ರೆ ಬಿಡಿಸೋವಾಗ ರಕ್ತ ನಿಲ್ಲೋದು ಕಷ್ಟ, ಗರ್ಭಕೋಶನೇ ತೆಗೀಬೇಕಾಗಬಹುದು. ಮೊದ್ಲೇ ಗೊತ್ತಾಗಿರೋದು ಒಳ್ಳೇದು. ರಕ್ತ, ಪಳಗಿದ ಕೈ ಎರಡೂ ಇರೋ ದೊಡ್ಡಾಸ್ಪತ್ರೆಗೆ ಹೋಗು."

ಇಷ್ಟು ಹೇಳಲು ಅವರಿಗೆ ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಹಿಡಿಯಿತು, ಅಷ್ಟೇ. ಹೆದರಿಕೆ ಹೋಗಲಿಲ್ಲ, ಆದರೆ ಯಾವುದಕ್ಕೆ ಹೆದರಬೇಕೆಂದು ತಿಳಿಯಿತು.

ದೊಡ್ಡಾಸ್ಪತ್ರೆಯವರು ನಿಮ್ಮ ಚೀಟಿಯಿಲ್ಲದೆ ಸೇರಿಸಿಕೊಳ್ಳುವುದಿಲ್ಲ. ಚೀಟಿ ಕೇಳಿದರೆ ನಿಮ್ಮ ಗುಮಾಸ್ತ ಗೋಡೆಯ ಮೇಲಿನ ಫಲಕ ತೋರಿಸಿದ: ಅತಿ ಹೆಚ್ಚು ಹೆರಿಗೆ ಮಾಡಿಸಿದ್ದಕ್ಕೆ ಬಹುಮಾನ. "ಯಜಮಾನ್ರೇ, ಹೀಗೆ ಒಬ್ಬೊಬ್ಬರನ್ನೇ ಕಳಿಸ್ತಾ ಹೋದ್ರೆ ಈ ವರ್ಷ ಅದು ನಮ್ಗೆ ಬರುತ್ತಾ?" ಬಹುಮಾನ ಬರಲಿ ಸ್ವಾಮಿ, ಹಿತ್ತಾಳೆಗೆ ಪಾಲಿಶ್ ನಾನೇ ಬಿಟ್ಟಿಯಾಗಿ ಹಾಕಿಕೊಡುತ್ತೇನೆ. ಆದರೆ ರಕ್ತ? ನಿಮ್ಮ ಫ್ರಿಜ್ಜನ್ನೂ ಇಣುಕಿ ನೋಡಿ ಬಂದಿದ್ದೇನೆ, ಸಿಬ್ಬಂದಿಯ ನೀರಿನ ಬಾಟಲಿಗಳು ಬಹಳ ತಂಪಾಗಿವೆ. ರಕ್ತ ಬರಬೇಕಾದದ್ದು ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಊರಿನಿಂದ.

ಮೊನ್ನೆ ಅವಳು ನನ್ನ ಸಾಣೆ ಚಕ್ರದ ಪಕ್ಕ ಬಂದು ಕೂತು, "ಮಾವ, ಆ ಇಬ್ಬರು ಮಕ್ಕಳಿಗೆ ಏನಂತ ಹೇಳಿ ಹೋಗ್ಲಿ?" ಎಂದಳು. ಎಂಥ ಮಾತಿಗೂ ಹತ್ತು ಮಾತು ಹುಟ್ಟಿಸುವವನು ನಾನು. ಚಕ್ರ ತುಳಿಯುತ್ತಲೇ ಇದ್ದೆ, ಕಲ್ಲಿನ ಮೇಲೆ ಚಾಕು ಇರಲಿಲ್ಲ.

ಆದ್ದರಿಂದ, ಮಾನ್ಯರೇ, ನೀವು ಕೊಟ್ಟ ತಾರೀಖನ್ನು ವಾಪಸು ತೆಗೆದುಕೊಳ್ಳಿ. ಈ ವಾರವೇ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಡಿ. ಇನ್ನು ಮುಂದೆ ಯಾವ ಹೆಂಗಸಿನ ಹೊಟ್ಟೆ ಕೊಯ್ದರೂ ಅವಳು ಮನೆಗೆ ಹೊರಡುವ ಮೊದಲು ಎದುರು ಕೂರಿಸಿಕೊಂಡು, ಮುಂದಿನ ಬಸಿರಿನಲ್ಲಿ ಏನಾಗಬಹುದು, ಯಾವಾಗ ಸ್ಕ್ಯಾನ್ ಮಾಡಿಸಬೇಕು, ಎಲ್ಲಿಗೆ ಹೋಗಬೇಕು ಎಂದು ಹೇಳಿ. ಇದಾಗದಿದ್ದರೆ ಬೋರ್ಡು ಇಳಿಸಿ. ಏಣಿ ನಾನೇ ತರುತ್ತೇನೆ. ಅವಳ ಜೀವವನ್ನು ಪಣಕ್ಕಿಡಿ ಎಂದು ನೀವು ಹೇಳುತ್ತಿರುವುದು ಆ ಬೋರ್ಡಿನ ಭರವಸೆಯ ಮೇಲೆಯೇ ಅಲ್ಲವೇ?

ಇಂತಿ,
ಐದು ಸಾವಿರ ಸೋತೆನೆಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗುವ,
ನಿಜಕ್ಕೂ ನಿಮ್ಮ ಬೋರ್ಡಿನ ಮೇಲೆ ಇಪ್ಪತ್ತು ರೂಪಾಯಿಗಿಂತ ಹೆಚ್ಚು ಪಂದ್ಯ ಕಟ್ಟಲು ಧೈರ್ಯ ಸಾಲದೆ ಹೋದ,
ಸಾಣೆ ಮಾವ