ಅಧ್ಯಕ್ಷರ ಹೆಂಡತಿಯ ಗೊತ್ತುವಳಿ

ಬಿ.ಟಿ.ಎಂ. ಲೇಔಟ್, ಎರಡನೇ ಹಂತ
13 ಅಕ್ಟೋಬರ್ 2001, ಶನಿವಾರ

ಮಾಧವ ರಾವ್ ಅವರಿಗೆ,

ನಮಸ್ಕಾರ. ಹೌದು, ಹೆಸರು ಹಿಡಿದೇ ಬರೆದಿದ್ದೇನೆ. ಕಳೆದ ಭಾನುವಾರ ನಮ್ಮ ಬಡಾವಣೆಯ ಸಂಘದ ಹಾಲ್‌ನಲ್ಲಿ, ಮೈಕಿನ ಮುಂದೆ, ಊರಿಗೆಲ್ಲ ಕೇಳುವಂತೆ ಹೇಳಿಯಾದ ಮೇಲೆ ಕಾಗದದಲ್ಲಿ ಸೆರಗು ಕಚ್ಚಿಕೊಂಡು ನಿಲ್ಲುವುದರಲ್ಲಿ ಅರ್ಥವಿಲ್ಲ.

ನಿನ್ನೆ ನಿಮ್ಮ ತಮ್ಮ ಬಂದಿದ್ದರು. "ಅತ್ತಿಗೆ, ಅಣ್ಣ ತುಂಬಾ ನೊಂದ್ಕೊಂಡಿದಾನೆ. ಮುಂದಿನ ಮೀಟಿಂಗಲ್ಲಿ ಎಲ್ಲರೆದುರಿಗೆ ಒಂದು ಸಾರಿ ಕ್ಷಮೆ ಕೇಳ್ಬಿಡಿ, ಬರ್ತಾನಂತೆ" ಎಂದರು. ಕಾಫಿ ಕೊಟ್ಟು ಕಳಿಸಿದೆ. ಉತ್ತರ ಇಲ್ಲಿದೆ: ನಾನು ಕ್ಷಮೆ ಕೇಳುವುದಿಲ್ಲ. ಬಸವನಗುಡಿಯಲ್ಲಿ ಓರಗಿತ್ತಿಯ ಕೈಯ ಹುಳಿ ಎಷ್ಟು ದಿನ ಒಗ್ಗುತ್ತದೆಯೋ ಅಷ್ಟು ದಿನ ಇರಿ. ಆದರೆ ನೀವು ಸಭೆಯಿಂದ ಅರ್ಧಕ್ಕೇ ಎದ್ದು ಹೋದಿರಿ, ಖಜಾಂಚಿ ಗುಂಡಣ್ಣನವರ ಫೋನನ್ನೂ ಎತ್ತುತ್ತಿಲ್ಲವಂತೆ. ಏನು ನಡೆಯಿತೆಂದು ನನ್ನ ಬಾಯಿಂದಲೇ ತಿಳಿಯಿರಿ.

ಇದೆಲ್ಲ ಶುರುವಾಗಿದ್ದು ನಿಮ್ಮ ಇಸ್ಪೀಟಿನ ಮೇಜಿನಿಂದ. ಹಾಲ್‌ನ ಹಿಂದಿನ ಕೊಠಡಿ ಹುಲಿಗೆವ್ವ ಬರುವ ಮುಂಚೆ ಹೆಗ್ಗಣಗಳ ಛತ್ರವಾಗಿತ್ತು. ಅವಳೇ ಸುಣ್ಣ ಬಳಿದು, ಒಲೆ ಹೂಡಿ, ಕೊಪ್ಪಳದ ಕಡೆಯ ಇನ್ನಿಬ್ಬರನ್ನು ಸೇರಿಸಿಕೊಂಡು ಜೋಳದ ರೊಟ್ಟಿ ತಟ್ಟತೊಡಗಿದಳು. ನಮ್ಮ ಬೀದಿಯ ಬಾಡಿಗೆ ರೂಮುಗಳಲ್ಲಿರುವ ಹುಬ್ಬಳ್ಳಿ, ಗದಗದ ಹುಡುಗರೆಲ್ಲ ಅವಳ ಊಟ ತಿಂದೇ ಆಫೀಸಿಗೆ ಹೋಗುವುದು. ಅಂಥ ಕೊಠಡಿ ರಿಟೈರ್ಡ್ ಗಂಡಸರ ರಿಕ್ರಿಯೇಶನ್ ಕ್ಲಬ್ಬಿಗೆ ಬೇಕೆಂದು ನೀವು ಆಗಸ್ಟ್ ಸಭೆಯಲ್ಲಿ ಗೊತ್ತುವಳಿ ತಂದಿರಿ. ತಂದವರೂ ನೀವೇ, "ಅಂಗೀಕಾರವಾಯಿತು" ಎಂದವರೂ ನೀವೇ. ಮದುವೆಗಂಡೇ ಮಂತ್ರ ಹೇಳಿಕೊಂಡ ಹಾಗಾಯಿತು. ದೀಪಾವಳಿಗೆ ಹುಲಿಗೆವ್ವ ಖಾಲಿ ಮಾಡಬೇಕು ಎಂದಾಯಿತು.

ಆ ದಿನ ನಾನು ಎದ್ದು ನಿಂತಿದ್ದು ನೆನಪಿದೆಯಲ್ಲ? ಕ್ಲಬ್ಬನ್ನು ಸಂಘದ ಮಹಡಿಯ ಮೇಲೆ ಮಾಡಿ, ಕೊಠಡಿ ಅವಳಿಗೇ ಇರಲಿ ಎಂದು ತಿದ್ದುಪಡಿ ಹೇಳಿದೆ. ನೀವು ಕನ್ನಡಕದ ಮೇಲಿಂದ ನೋಡಿ, "ಅನುಮೋದಕರು ಯಾರು?" ಎಂದಿರಿ. ಗುಂಡಣ್ಣನವರ ಹೆಂಡತಿ ಮಧುಮತಿ ತಟ್ಟೆಯ ಬೋಂಡಾವನ್ನೇ ನೋಡುತ್ತ ಕೂತಿದ್ದಳು. "ಅನುಮೋದಕರಿಲ್ಲ, ಬಿದ್ದುಹೋಯಿತು, ಮುಂದಿನ ವಿಷಯ" ಎಂದು ನೀವು ಸುತ್ತಿಗೆ ಕುಟ್ಟಿದಿರಿ. ಮನೆಗೆ ಬರುವಾಗ ದಾರಿಯುದ್ದಕ್ಕೂ ನಕ್ಕಿರಿ. "ಮೀಟಿಂಗ್ ಅಂದ್ರೆ ಅರಳೀಕಟ್ಟೆ ಅಂದ್ಕೊಂಡ್ಯೇನೇ? ಪ್ರೊಸೀಜರ್ ಅಂತ ಇರತ್ತೆ. ನೀನು ಬೋಂಡಾ ನೋಡ್ಕೋ ಸಾಕು." ನನ್ನ ಮೈಯೆಲ್ಲ ಉರಿದುಹೋಯಿತು. ಸರಿ, ಪ್ರೊಸೀಜರ್ ಅಂದರೇನೆಂದು ನೋಡಿಯೇಬಿಡೋಣ ಎಂದುಕೊಂಡೆ.

ನಮ್ಮ ಮಹಡಿಯ ಬಾಡಿಗೆಯವಳು ಶರಣಮ್ಮ ಗದಗದಲ್ಲಿ ಬ್ಯಾಂಕ್ ನೌಕರರ ಸಂಘದಲ್ಲಿದ್ದವಳು. ಅವಳ ಹತ್ತಿರ ಹೋಗಿ ಕೂತೆ. ಅವಳ ಕಡೆ ಗೊತ್ತುವಳಿಗೆ ಠರಾವು ಅನ್ನುತ್ತಾರೆ. "ಅಕ್ಕಾರ, ಠರಾವು ಅಂದ್ರ ಎದ್ದು ನಿಂತು ಮಾತಾಡೂದಲ್ರೀ. ಮೊದಲ ಅನುಮೋದನೆಗೆ ಒಬ್ಬರನ್ನ ತಯಾರ ಮಾಡ್ಕೋರಿ. ಅನುಮೋದನೆ ಬಿತ್ತಂದ್ರ ಅದು ನಿಮ್ಮದಲ್ಲ, ಸಭಾದ್ದು. ಅಧ್ಯಕ್ಷಗ ನುಂಗಾಕ ಬರೂದಿಲ್ಲ" ಎಂದಳು. ಪಾಸಾದ ನಿರ್ಣಯವನ್ನು ರದ್ದುಮಾಡಲು ಇನ್ನೊಂದು ಗೊತ್ತುವಳಿಯೇ ಬೇಕು, ಅದಕ್ಕೆ ಮುಂಚಿತವಾಗಿ ನೋಟೀಸು ಕೊಡಬೇಕು ಎಂಬುದನ್ನೂ ಅವಳೇ ಹೇಳಿಕೊಟ್ಟಳು. ಕೊಟ್ಟೆ. ನಿಮ್ಮ ಕಾಫಿ ಲೋಟದ ಪಕ್ಕದಲ್ಲೇ ಇಟ್ಟಿದ್ದೆ. ನೀವು ಓದಿ, ಮಡಿಚಿ, ಅಜೆಂಡಾದಲ್ಲಿ ಸೇರಿಸದೆ ಬಿಟ್ಟಿರಿ.

ಹುಲಿಗೆವ್ವಳಿಗೆ ಇದು ಗೊತ್ತಾಗಿ ಕಣ್ಣಲ್ಲಿ ನೀರು ತಂದುಕೊಂಡಳು. "ಯಕ್ಕಾ, ನನ್ನ ಸಲುವಾಗಿ ಮನೀ ಮುರ್ಕೋಬ್ಯಾಡ್ರಿ. ಅರೆಕೆರಿ ಕಡೆ ಎಲ್ಲ್ಯಾರ ಒಂದ್ ಶೆಡ್ಡು ನೋಡ್ಕೋತೀನಿ" ಎಂದಳು. ಅಷ್ಟು ದೂರ ಹೋದರೆ ಊಟಕ್ಕೆ ಬರುವ ಹುಡುಗರು ಯಾರು? ಅವಳ ಒಲೆ ಆರಿದ ಹಾಗೇ. ಇನ್ನೊಂದು ಮಾತು. ಮಧ್ಯಾಹ್ನ ನೀವು ಮಲಗಿದ ಮೇಲೆ ದೇವಸ್ಥಾನಕ್ಕೆ ಎಂದು ಹೇಳಿ ನಾನು ಹೋಗುತ್ತಿದ್ದದ್ದು ಆ ಕೊಠಡಿಗೇ. ಅವಳ ಡಬ್ಬಿಗಳಿಗೆ ಚಟ್ನಿಪುಡಿ, ಗೊಜ್ಜು ನನ್ನದು. ಹುಡುಗರು ಇನ್ನಷ್ಟು ಕೇಳಿ ಹಾಕಿಸಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಉಪ್ಪು ಕಮ್ಮಿಯಾದ ದಿನ ಮಾತ್ರ ನನ್ನ ಅಡುಗೆಯ ಮಾತು ಬರುತ್ತಿತ್ತು.

ಇನ್ನು ಭಾನುವಾರದ ಸಭೆ. ನೋಟೀಸು ಕೊಟ್ಟಿದ್ದೇನೆ, ಚರ್ಚೆಗೆ ತನ್ನಿ, ಇಲ್ಲದಿದ್ದರೆ ನಿಯಮ ತಪ್ಪಿದಂತೆ ಎಂದು ಕ್ರಿಯಾಲೋಪ ಎತ್ತಿದೆ. ತಳ್ಳಿಹಾಕಿದಿರಿ. ಮತ್ತೆ ಎದ್ದೆ, ಕೂರಲು ಹೇಳಿದಿರಿ. ಆಗ ಹೇಳಿದೆ, ಅಧ್ಯಕ್ಷರ ಮೇಲೆ ಅವಿಶ್ವಾಸ ಗೊತ್ತುವಳಿ ಮಂಡಿಸುತ್ತೇನೆ ಎಂದು. ನಮ್ಮ ಸಂಘದಲ್ಲಿ ಅದಕ್ಕೆ ನೋಟೀಸು ಬೇಕಿಲ್ಲ. ಗಂಡ ಹೆಂಡತಿ ಇಬ್ಬರೂ ಸದಸ್ಯರು, ಇಬ್ಬರಿಗೂ ಮತ ಎಂಬ ನಿಯಮವನ್ನು ಮಾಡಿಸಿದವರು ನೀವೇ, ಮನೆಗೆ ಎರಡು ಓಟು ನಿಮ್ಮ ಕಡೆ ಬರಲಿ ಎಂದು! ನನ್ನ ಅವಿಶ್ವಾಸದ ಮಾತಿಗೆ ಹಾಲೆಲ್ಲ ನಕ್ಕಿತು. ಖಜಾಂಚಿ ಗುಂಡಣ್ಣನವರು ಪೆನ್ನು ಹಿಡಿದು, "ಹೆಸರು ಹೇಳ್ಬೇಕು ಮೇಡಂ, ನಡವಳಿಯಲ್ಲಿ ಬರ್ಕೋಬೇಕಲ್ಲ. ಯಾರ ಮೇಲೆ ಅವಿಶ್ವಾಸ?" ಎಂದರು. ನೀವು ಕುರ್ಚಿಗೆ ಒರಗಿ ಮುಗುಳ್ನಕ್ಕಿರಿ. ಆ ನಗು ನನಗೆ ಗೊತ್ತು. ಇವಳ ಬಾಯಲ್ಲಿ ನನ್ನ ಹೆಸರು ಬರುವುದುಂಟೇ ಎಂಬ ನಗು ಅದು.

ಮದುವೆಯ ಉರುಟಣೆಯ ದಿನ ನಿಮ್ಮ ಸೋದರತ್ತೆಯರು ಪೀಡಿಸಿದಾಗ ನಿಮ್ಮ ಹೆಸರನ್ನು ಒಗಟಿನಲ್ಲಿ ಸೇರಿಸಿ ಗೊಣಗಿದ್ದೇ ಮೊದಲು, ಅದೇ ಕೊನೆ. ರೇಷನ್ ಕಾರ್ಡಿನ ಗುಮಾಸ್ತ ಕೇಳಿದಾಗ "ಕೃಷ್ಣನ ಇನ್ನೊಂದು ಹೆಸರು" ಎಂದೆ. ಅವನು ಗೋಪಾಲ ರಾವ್ ಎಂದು ಬರೆದ. ತಿದ್ದಿಸಲು ನೀವು ಅಲೆದಾಡಿದಿರಿ, ಆದರೂ ಮನೆಗೆ ಬಂದು ನನ್ನ ಹೆಂಡತಿ ಎಂಥ ಸಂಪ್ರದಾಯಸ್ಥೆ ಎಂದು ಎಲ್ಲರಿಗೂ ಹೇಳಿಕೊಂಡು ಮೆರೆದಿರಿ. ಹೆಸರು ಹೇಳಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತದೆಂದು ನಮ್ಮಮ್ಮ ಹೇಳಿದ್ದಳು. ಮೈಕಿನ ಮುಂದೆ ಆ ಮಾತು ನೆನಪಾಗಿದ್ದು ನಿಜ. ಹುಲಿಗೆವ್ವ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಇನ್ನೂ ಹಿಟ್ಟಿತ್ತು.

"ಮಾಧವ ರಾವ್" ಎಂದೆ. "ಶ್ರೀ ಎಂ. ಎನ್. ಮಾಧವ ರಾವ್ ಅವರ ಮೇಲೆ."

ನಗು ನಿಂತುಹೋಯಿತು. ನಿಮ್ಮ ಮುಖ ಬಿಳಿಚಿಕೊಂಡಿತು. ಆದರೂ ಅಧ್ಯಕ್ಷರಲ್ಲವೇ, ಅಭ್ಯಾಸಬಲದಿಂದ "ಅನುಮೋದಕರು?" ಎಂದಿರಿ. ಈ ಸಲ ನಾನು ಮೊದಲೇ ಹೇಳಿಟ್ಟಿದ್ದ ಮಧುಮತಿ ತಟ್ಟೆ ಕೆಳಗಿಟ್ಟು ಎದ್ದಳು. "ನಾನ್ ಅನುಮೋದಿಸ್ತೀನಿ" ಎಂದಳು. ಗುಂಡಣ್ಣನವರ ಕೈಯಿಂದ ಪೆನ್ನು ಬಿತ್ತು. ತನ್ನ ಮೇಲಿನ ಗೊತ್ತುವಳಿ ಚರ್ಚೆಗೆ ಬಂದಾಗ ಅಧ್ಯಕ್ಷ ಕುರ್ಚಿ ಬಿಡಬೇಕು. ಬಿಟ್ಟಿರಿ. ಆದರೆ ಕುರ್ಚಿ ಬಿಟ್ಟು ಮುಂದಿನ ಸಾಲಲ್ಲಿ ಕೂರುವುದನ್ನು ಬಿಟ್ಟು ಚಪ್ಪಲಿ ಹಾಕಿಕೊಂಡು ಹೊರಟೇ ಹೋದಿರಿ.

ನಿಮ್ಮ ಜಾಗಕ್ಕೆ ಉಪಾಧ್ಯಕ್ಷ ಯಲ್ಲಯ್ಯನವರು ಬಂದರು. ಚೀಟಿ ಹಾಕಿಸಿ ಎಣಿಸಿದರು. ಅವಿಶ್ವಾಸ ಒಂದೇ ಮತದಿಂದ ಬಿದ್ದುಹೋಯಿತು. ನೀವು ಇವತ್ತಿಗೂ ಅಧ್ಯಕ್ಷರೇ. ಆಮೇಲೆ, ಕೊಟ್ಟ ನೋಟೀಸನ್ನು ಮುಚ್ಚಿಡುವಂತಿಲ್ಲ ಎಂದು ಯಲ್ಲಯ್ಯನವರು ನನ್ನ ಗೊತ್ತುವಳಿಯನ್ನು ಚರ್ಚೆಗೆ ತೆಗೆದುಕೊಂಡರು. ಆಗಸ್ಟ್ ನಿರ್ಣಯ ರದ್ದು, ಕೊಠಡಿ ಹುಲಿಗೆವ್ವಳಿಗೇ. ಭಾರಿ ಬಹುಮತದಿಂದ ಪಾಸಾಯಿತು. ಈಗ ಬಾಡಿಗೆ ಕರಾರಿಗೆ ಅಧ್ಯಕ್ಷರ ಸಹಿಯೊಂದು ಬಾಕಿ. ನಿಮ್ಮ ಸಹಿ.

ಹಾಕುವುದಿಲ್ಲ ಎಂದು ಹಟ ಹಿಡಿದರೆ ಮುಂದಿನ ಸಭೆಯಲ್ಲಿ ಮತ್ತೆ ಎದ್ದು ನಿಲ್ಲುತ್ತೇನೆ. ಅದರ ಮುಂದಿನದರಲ್ಲೂ ನಿಲ್ಲುತ್ತೇನೆ. ಹೆಸರಂತೂ ಈಗ ನಾಲಿಗೆಗೆ ಸಲೀಸಾಗಿದೆ. ಬರುವ ವಾರ ನವರಾತ್ರಿ. ಗೊಂಬೆಗಳನ್ನು ನಾನೇ ಅಟ್ಟದಿಂದ ಇಳಿಸಿಕೊಳ್ಳುತ್ತೇನೆ, ನಿಮಗಾಗಿ ಕಾಯುವುದಿಲ್ಲ. ಈ ಪತ್ರವನ್ನು ಶರಣಮ್ಮ ತಂದುಕೊಡುತ್ತಾಳೆ. ಜೊತೆಗೆ ನೀವು ಬಿಟ್ಟುಹೋದ ಬಿ.ಪಿ. ಮಾತ್ರೆಗಳಿವೆ. ಅದನ್ನು ಕ್ಷಮಾಪಣೆ ಎಂದು ನಡವಳಿಯಲ್ಲಿ ಬರೆದುಕೊಳ್ಳಬೇಡಿ.

ಇಂತು,
ಸೀತಾಲಕ್ಷ್ಮಿ
ಸದಸ್ಯೆ

ತಾ.ಕ.: ಗೊತ್ತುವಳಿ ಮಂಡಿಸಿದವರು ಅದರ ವಿರುದ್ಧ ಮಾತಾಡುವಂತಿಲ್ಲವಂತೆ, ಆದರೆ ವಿರುದ್ಧ ಮತ ಹಾಕಬಹುದಂತೆ. ನಿಮ್ಮನ್ನು ಉಳಿಸಿದ ಆ ಒಂದು ಚೀಟಿ ನನ್ನದು. ಅಯ್ಯೋ ಪಾಪ ಎಂದು ಹಾಕಿದ್ದಲ್ಲ. ನೀವು ಇಳಿದರೆ ಅಧ್ಯಕ್ಷಗಿರಿಗೆ ಕಾದು ಕೂತಿರುವವರು ಗುಂಡಣ್ಣನವರು, ಅವರು ಆ ಕುರ್ಚಿಯಲ್ಲಿ ಕೂತರೆ ಸಭೆಯ ನಿರ್ಣಯವನ್ನು ಬೋಂಡಾದ ಜೊತೆ ನುಂಗಿಬಿಡುತ್ತಾರೆ. ನೀವು ಜಗಮೊಂಡ, ನನ್ನನ್ನು ಅಳಿಸಿದ್ದೀರಿ, ಆದರೆ ಸಭೆ ಒಪ್ಪಿದ್ದಕ್ಕೆ ಸಹಿ ಹಾಕದೆ ನಿಮಗೆ ನಿದ್ದೆ ಹತ್ತುವುದಿಲ್ಲ. ಅಷ್ಟು ವಿಶ್ವಾಸ ನನಗಿದೆ. ಪೆನ್ನು ತೆಗೆದುಕೊಂಡು ಬನ್ನಿ.