ನನ್ನ ‘ಹೌದು’ ನನಗೆ ವಾಪಸ್ ಕೊಡಿ

ವಾಷಿಂಗ್ಟನ್ನಿನಲ್ಲಿ ನಮ್ಮ ಪರವಾಗಿ ಕೂತಿರುವ ಮಾನ್ಯ ಜನಪ್ರತಿನಿಧಿಗಳೇ,

ಕಳೆದ ಮಾರ್ಚಿನಲ್ಲಿ ನಿಮ್ಮ ಕಚೇರಿಯಿಂದ ಬಂದ ಒಂದು ಕಾರ್ಡಿನ ಮೇಲೆ ನಾನು ‘ಹೌದು’ ಎಂದು ಗುರುತು ಹಾಕಿ ಕಳಿಸಿದ್ದೆ. ಆ ಗುರುತು ನನಗೆ ವಾಪಸ್ ಬೇಕು. ಅದನ್ನು ಕೈಯಲ್ಲಿ ಹಿಡಿದುಕೊಂಡು ನೀವು ನನ್ನ ಗಂಡನನ್ನು ಕೊಲ್ಲಲು ಹೊರಟಿದ್ದೀರಿ. ಮಾತು ಒರಟಾಯಿತು ಅನ್ನಿಸಿದರೆ ಕ್ಷಮಿಸಿ. ಇದಕ್ಕಿಂತ ಮೆತ್ತಗಿನ ಮಾತಿನಲ್ಲಿ ಮೂರು ಕಾಗದ ಬರೆದೆ. ಮೂರಕ್ಕೂ ಒಂದೇ ಉತ್ತರ, ಒಂದೇ ಸಹಿ, ಒಂದೇ ಒಕ್ಕಣೆ: ‘ಪೋಲು ಖರ್ಚಿನ ವಿರುದ್ಧ ನಾನು ನಡೆಸುತ್ತಿರುವ ಹೋರಾಟಕ್ಕೆ ನೀವು ಕೊಟ್ಟ ಬೆಂಬಲಕ್ಕೆ ವಂದನೆಗಳು.’ ಅದಕ್ಕೇ ಈ ನಾಲ್ಕನೆಯದನ್ನು ನಮ್ಮ ಕೌಂಟಿಯ ವಾರಪತ್ರಿಕೆಗೆ ಕೊಟ್ಟಿದ್ದೇನೆ. ನೀವು ಓದದಿದ್ದರೂ ಊರಾದರೂ ಓದಲಿ.

ನಾನು ಎಂಟನೇ ತರಗತಿಗೇ ಶಾಲೆ ಬಿಟ್ಟವಳು. ಕೆಂಟಕಿಯ ಈ ಬೆಟ್ಟಗಳಿಂದ ಕೆಲಸ ಹುಡುಕಿಕೊಂಡು ಒಹಾಯೊ, ಮಿಷಿಗನ್ ಕಡೆ ಹೋದ ತಂಗಿಯರಿಗೆ, ದೊಡ್ಡಪ್ಪನ ಮಕ್ಕಳಿಗೆ ಐವತ್ತು ವರ್ಷ ಕಾಗದ ಬರೆದೂ ಬರೆದೂ ನಾಲ್ಕು ಅಕ್ಷರ ನೆಟ್ಟಗಾದವು. ಯಾರಿಗೆ ಮಗು ಹುಟ್ಟಿತು, ಯಾರ ಹಸು ಈಯಿತು, ಯಾರನ್ನು ಮಣ್ಣು ಮಾಡಿದೆವು, ಎಲ್ಲ ನನ್ನ ಕೈಯಿಂದಲೇ ಹೋಗಬೇಕು. ನಮ್ಮ ಕಣಿವೆಯಲ್ಲಿ ಒಂದು ರೂಢಿಯಿದೆ. ಬಂದ ಕಾಗದಕ್ಕೆ ಉತ್ತರ ಬರೆಯದೆ ಇಡುವುದೆಂದರೆ ಮನೆಗೆ ಬಂದವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಅದು ಯಾರ ಕಾಗದವೇ ಆಗಲಿ. ಬೀಜದ ಕಂಪನಿಯವರು ಬರೆದರೂ ನಾನು ‘ಈ ವರ್ಷ ಬೀಜ ಬೇಡ, ನಿಮ್ಮ ಆರೋಗ್ಯ ಹೇಗಿದೆ’ ಎಂದು ಬರೆದು ಹಾಕುವವಳು. ಹೀಗಿರುವಾಗ ಸಂಸತ್ತಿನ ಮುದ್ರೆ ಹೊತ್ತ ಕಾರ್ಡು ನನ್ನ ಅಂಚೆ ಡಬ್ಬಿಗೆ ಬಂದರೆ ಸುಮ್ಮನಿರುತ್ತೇನೆಯೇ?

ಕಾರ್ಡಿನ ಮೂರನೆಯ ಪ್ರಶ್ನೆ ನಿಮಗೆ ನೆನಪಿಲ್ಲದಿರಬಹುದು, ನನಗೆ ಬಾಯಿಪಾಠವಾಗಿದೆ: ‘ಸರ್ಕಾರದ ಆರೋಗ್ಯ ಯೋಜನೆಗಳಲ್ಲಿ ನಡೆಯುತ್ತಿರುವ ಪೋಲನ್ನು ನಿಲ್ಲಿಸಬೇಕೆ? ಹೌದು. ಇಲ್ಲ.’ ಇಲ್ಲ ಅನ್ನುವವರು ಯಾರು ಸ್ವಾಮಿ? ಅಡುಗೆಗೆ ಬಳಸಿದ ಅಲ್ಯೂಮಿನಿಯಂ ಹಾಳೆಯನ್ನು ತೊಳೆದು ಹಗ್ಗದ ಮೇಲೆ ಒಣಗಿಸುವವಳು ನಾನು. ಬ್ರೆಡ್ಡಿನ ಚೀಲ ಮಡಿಸಿಡುತ್ತೇನೆ. ಅಂಗಿ ಹರಿದರೆ ಗುಂಡಿ ಬಿಚ್ಚಿಟ್ಟುಕೊಂಡೇ ಅದನ್ನು ಒರೆಸುವ ಬಟ್ಟೆ ಮಾಡುವುದು. ಪೋಲು ಮಾಡುವುದು ಪಾಪವೆಂದು ನಮ್ಮ ತಾಯಂದಿರು ಬಡಿದು ಬಡಿದು ಕಲಿಸಿದ ಜನ ನಾವು. ಅಂಥವರ ಮುಂದೆ ಆ ಪ್ರಶ್ನೆ ಇಟ್ಟವರ ಜಾಣತನಕ್ಕೆ ನಾನು ಈಗಲೂ ತಲೆದೂಗುತ್ತೇನೆ.

ನನ್ನ ಒಬ್ಬಳ ಗುರುತಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಕಾರ್ಡು ಎಲ್ಲರ ಮನೆಗೂ ಬಂದಿತ್ತು. ಊರಿನ ಕಾಗದಪತ್ರದವಳು ನಾನೇ ಆದ್ದರಿಂದ ಎಲ್ಲರದನ್ನೂ ಸೇರಿಸಿ ಕಳಿಸುವ ಹೊಣೆ ಹೊತ್ತುಕೊಂಡೆ. ಎಲ್ಲಿ ಕೂತು ತುಂಬಿಸಿದೆ ಗೊತ್ತೇ? ವ್ಯಾನಿನಲ್ಲಿ.

ವ್ಯಾನಿನ ವಿಷಯ ನಿಮಗೆ ಗೊತ್ತಿಲ್ಲವಾದರೆ ಹೇಳುತ್ತೇನೆ, ಏಕೆಂದರೆ ನೀವು ರದ್ದು ಮಾಡುತ್ತಿರುವುದು ಅದನ್ನೇ. ನಮ್ಮವರ, ಅಂದರೆ ವರ್ಲಿನ್ ಸ್ಟಿಡಮ್ ಅವರ, ಎರಡೂ ಮೂತ್ರಪಿಂಡ ಕೈಕೊಟ್ಟು ಮೂರು ವರ್ಷವಾಯಿತು. ಸೋಮವಾರ, ಬುಧವಾರ, ಶುಕ್ರವಾರ ಯಂತ್ರಕ್ಕೆ ತೋಳು ಒಡ್ಡಿ ನಾಲ್ಕು ತಾಸು ಮಲಗಿ ರಕ್ತ ತೊಳೆಸಿಕೊಳ್ಳಬೇಕು. ಯಂತ್ರವಿರುವುದು ಬೆಟ್ಟದ ಆಚೆ, ನಲವತ್ತೆರಡು ಮೈಲಿ ದೂರದಲ್ಲಿ. ಅಂಥ ಏಳು ಜನರನ್ನು ಬೆಳಿಗ್ಗೆ ಚರ್ಚಿನ ಮುಂದೆ ಹತ್ತಿಸಿಕೊಂಡು ಮಧ್ಯಾಹ್ನ ತಂದು ಇಳಿಸುವ ಸರ್ಕಾರಿ ವ್ಯಾನು ಅದು. ನಡೆಸುವವಳು ಟ್ರೆಸ್ಸಿ ಕಾಡಿಲ್, ಶಾಲಾ ಬಸ್ಸು ಓಡಿಸಿ ಪಳಗಿದ ಹೆಂಗಸು. ನಮ್ಮವರಿಗೆ ವಾಪಸ್ ಬರುವಾಗ ತಲೆ ಸುತ್ತುವುದರಿಂದ ನಾನೂ ಜೊತೆಗೆ ಹೋಗುತ್ತೇನೆ. ಆ ದಿನ ಕಾರ್ಡುಗಳನ್ನೂ ಪೆನ್ಸಿಲನ್ನೂ ಹಂಚಿದೆ.

‘ಏನ್ ದೊಡ್ಡಮ್ಮ, ನನ್ ಗಾಡಿಲಿ ಪರೀಕ್ಷೆ ಇಟ್ಬಿಟ್ರಾ?’ ಎಂದಳು ಟ್ರೆಸ್ಸಿ.

‘ನೀನು ರಸ್ತೆ ನೋಡ್ಕೊಂಡು ಓಡ್ಸೇ. ಹೋಬರ್ಟ್, ಮೂರನೇದು ನೋಡು. ಪೋಲು ನಿಲ್ಲಿಸ್ಬೇಕಾ ಅಂತ ಕೇಳ್ತಾರೆ.’

ಹಿಂದಿನ ಸೀಟಿನ ಹೋಬರ್ಟ್ ಫ್ಯೂಗೇಟ್ ನಮ್ಮವರ ಜೊತೆ ಗಣಿಯಲ್ಲಿ ದುಡಿದವನು. ‘ಹೌದು ಅಂತ ಹಾಕು. ಮೊದ್ಲು ನಿನ್ ಗಂಡನ ಬಾಯಿಂದ ಶುರು ಮಾಡೋಕೆ ಹೇಳು. ಹತ್ತಿದಾಗಿಂದ ಮಾತು ಪೋಲಾಗ್ತಾನೇ ಇದೆ.’

‘ನಿನ್ ಕಿವಿ ಕೆಟ್ಟು ಇಪ್ಪತ್ತು ವರ್ಷ ಆಯ್ತು, ಪೋಲಾಗ್ದೆ ಇನ್ನೇನಾಗತ್ತೋ’ ಎಂದರು ನಮ್ಮವರು.

ಎಲ್ಲರೂ ನಕ್ಕೆವು. ಅವರ ಏಳು ಕಾರ್ಡಿಗೂ ನನ್ನದಕ್ಕೂ ‘ಹೌದು’ ಬಿತ್ತು. ಕೈ ನಡುಗುವವರದಕ್ಕೆ ನಾನೇ ಹಾಕಿದೆ, ಗುರುತು ಚೌಕದಿಂದ ಹೊರಗೆ ಹೋಗದ ಹಾಗೆ ಜೋಪಾನವಾಗಿ. ಆ ವ್ಯಾನಿನೊಳಗೆ ಕೂತು, ಅದರ ಬೆಚ್ಚಗಿನ ಗಾಳಿ ಕುಡಿಯುತ್ತ, ಅದೇ ವ್ಯಾನಿಗೆ ನಾವು ಮರಣಶಾಸನ ಬರೆದೆವು. ಅಂಚೆಚೀಟಿ ಅಂಟಿಸಿದ್ದು ನನ್ನ ನಾಲಿಗೆ.

ಜೂನಿನಲ್ಲಿ ನಿಮ್ಮ ಸುದ್ದಿಪತ್ರ ಬಂತು. ‘ನನ್ನ ಜನ ಮಾತಾಡಿದ್ದಾರೆ, ನಾನು ಕೇಳಿಸಿಕೊಂಡಿದ್ದೇನೆ’ ಎಂದು ದಪ್ಪ ಅಕ್ಷರದಲ್ಲಿತ್ತು. ನೂರಕ್ಕೆ ತೊಂಬತ್ತು ಮಂದಿಗಿಂತ ಹೆಚ್ಚು ಜನ ಪೋಲು ನಿಲ್ಲಿಸಿ ಅಂದರಂತೆ. ಕೆಳಗೆ ಹೊಸ ಮಸೂದೆಯಲ್ಲಿ ನಿಲ್ಲಿಸಲಿರುವ ಪೋಲುಗಳ ಪಟ್ಟಿ. ನಾಲ್ಕನೆಯ ಸಾಲಿನಲ್ಲಿ ‘ಹಳ್ಳಿಗಾಡಿನ ರೋಗಿಗಳ ಸಾರಿಗೆ’. ಭೂತಗನ್ನಡಿ ಹಿಡಿದು ಎರಡು ಸಲ ಓದಿದೆ. ಆಮೇಲೆ ಅದನ್ನು ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಹೋಗಿ ಆಲೂಗಡ್ಡೆ ಹೆಚ್ಚಿದೆ. ಬೇರೇನು ಮಾಡಬೇಕೆಂದು ತೋಚಲಿಲ್ಲ.

ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಮಾತಾಡಿದ ಹೆಣ್ಣುಮಗಳು ಬಹಳ ಸಭ್ಯಸ್ಥೆ, ಅವಳ ಮೇಲೆ ನನಗೆ ದೂರಿಲ್ಲ. ‘ಒಂದ್ನಿಮಿಷ ಇರಿ ಅಮ್ಮ, ನೋಡ್ತೀನಿ’ ಅಂದಳು. ಕೀಲಿಮಣೆ ಕುಟ್ಟುವ ಸದ್ದು ಕೇಳಿಸಿತು.

‘ಅಮ್ಮ, ನೀವೇ ಹೌದು ಅಂದಿದೀರಲ್ಲ. ನಮ್ ದಾಖಲೆಲಿದೆ.’

‘ಪೋಲು ನಿಲ್ಲಿಸಿ ಅಂದೆ ಕಣಮ್ಮ. ವ್ಯಾನು ನಿಲ್ಲಿಸಿ ಅಂದ್ನಾ?’

‘ಪೋಲು ಯಾವ್ದು ಅಂತ ಅಲ್ಲಿ ಬರ್ದಿರ್ಲಿಲ್ಲಮ್ಮ.’

‘ಅದನ್ನೇ ನಾನೂ ಹೇಳ್ತಿರೋದು.’

ಮತ್ತೆ ಕೀಲಿಮಣೆ ಕುಟ್ಟಿದಳು. ಆಮೇಲೆ ಮೆಲ್ಲಗೆ, ‘ನಿಮ್ ಮನೇಲಿ ಬೇರೆ ಯಾರೂ ಕಾರ್ ಓಡ್ಸಲ್ವಾ?’ ಎಂದು ಕೇಳಿದಳು.

ಓಡಿಸುತ್ತಿದ್ದೆ ಮಾನ್ಯರೇ. ಕಣ್ಣಿನ ನಡುಭಾಗ ಮಸುಕಾಯಿತು. ಹೋದ ವರ್ಷ ಲೈಸೆನ್ಸನ್ನು ನಾನೇ ಹೋಗಿ ಕೌಂಟಿ ಕಚೇರಿಯ ಮೇಜಿನ ಮೇಲಿಟ್ಟು ಬಂದೆ, ಬೇರೆಯವರ ಮಕ್ಕಳು ಓಡಾಡುವ ರಸ್ತೆ ಅಂತ. ಯಂತ್ರವನ್ನೇ ಮನೆಗೆ ತರಿಸಿಕೊಳ್ಳಿ ಎಂದು ಆ ಹೆಣ್ಣುಮಗಳು ಸಲಹೆ ಕೊಟ್ಟಳು. ಅದಕ್ಕೆ ಶುದ್ಧ ನೀರು, ನಿಲ್ಲದ ಕರೆಂಟು ಬೇಕು. ಆಸ್ಪತ್ರೆಯ ನರ್ಸು ಬಂದು ನಮ್ಮ ಬಾವಿಯ ನೀರನ್ನು ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದಳು. ಗಣಿ ಮುಚ್ಚಿದಾಗಿನಿಂದ ಅದರ ಬಣ್ಣ ಕಿತ್ತಳೆ. ಅದಲ್ಲದೆ ಗಾಳಿ ಜೋರಾಗಿ ಬೀಸಿದರೆ ಕರೆಂಟು ಹೋಗುತ್ತದೆ. ಆಕೆ ಲೋಟ ಕೆಳಗಿಟ್ಟು ಆಗದೆಂದು ತಲೆ ಆಡಿಸಿದಳು, ಅಷ್ಟೆ. ನೆರೆಹೊರೆಯವರು ಕರೆದೊಯ್ಯಲಿ ಎಂದೂ ಅವಳು ಅಂದಳು. ನೆರೆಯವರು ಸೋಮವಾರ ಒಯ್ಯಬಹುದು, ಬುಧವಾರವೂ ಒಯ್ಯಬಹುದು. ವರ್ಷಪೂರ್ತಿ ವಾರಕ್ಕೆ ಮೂರು ದಿನ ಯಾರು ತಮ್ಮ ಕೆಲಸ ಬಿಡುತ್ತಾರೆ? ನೀವು ಬಿಡುತ್ತೀರಾ?

ಇಷ್ಟಾದ ಮೇಲೆ ನಿಮ್ಮನ್ನು ಸರಿಯಾಗಿ ತಿಳಿದುಕೊಳ್ಳೋಣವೆಂದು ಪಟ್ಟಣದ ಲೈಬ್ರರಿಗೆ ಹೋದೆ. ಅಲ್ಲಿನ ಹೆಣ್ಣುಮಗಳು ನಿಮ್ಮ ಜಾಲತಾಣದಿಂದ ‘ನನ್ನ ನಿಲುವುಗಳು’ ಎಂಬ ಪುಟಗಳನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ ಕೊಟ್ಟಳು. ರಾಷ್ಟ್ರದ ಎಲ್ಲ ವಿಷಯದ ಮೇಲೂ ನಿಮಗೊಂದು ನಿಲುವಿದೆ. ಗಡಿ, ಸೈನ್ಯ, ಸಾಲ, ಬೇಸಾಯ, ಶಾಲೆ. ನಿಜ ಹೇಳುತ್ತೇನೆ, ಅರ್ಧಕ್ಕಿಂತ ಹೆಚ್ಚಿಗೆ ನಾನು ತಲೆಯಾಡಿಸಿದೆ. ನಿಮಗೆ ನಾಲ್ಕು ಸಲ ಮತ ಹಾಕಿದವಳು ನಾನು, ಶತ್ರುವಲ್ಲ. ‘ಕುಟುಂಬವೇ ದೇಶದ ಅಡಿಪಾಯ’ ಅಂದಿದ್ದೀರಿ. ಒಪ್ಪಿದೆ. ‘ಪ್ರತಿಯೊಂದು ಜೀವವೂ ಅಮೂಲ್ಯ’ ಅಂದಿದ್ದೀರಿ. ಅದನ್ನಂತೂ ಬೆರಳಿಟ್ಟು ಓದಿದೆ. ಪುಟ ತಿರುಗಿಸಿದರೆ ‘ಇಂಧನ’ ಎಂಬ ತಲೆಬರಹದ ಕೆಳಗೆ ನನ್ನ ಗಂಡ ನಗುತ್ತಿದ್ದರು.

ಹೌದು, ವರ್ಲಿನ್ನೇ. ಐದು ವರ್ಷದ ಹಿಂದೆ ನಮ್ಮ ಅಗ್ನಿಶಾಮಕ ದಳದವರು ಹಣ ಕೂಡಿಸಲು ಬೆಳಗಿನ ಪ್ಯಾನ್‌ಕೇಕ್ ಊಟ ಇಟ್ಟಿದ್ದಾಗ ನೀವು ಏಪ್ರನ್ ಕಟ್ಟಿಕೊಂಡು ಬಡಿಸಿದ್ದಿರಿ. ನಮ್ಮವರು ಗಣಿಯವರೆಂದು ಕೇಳಿ, ‘ಹೆಲ್ಮೆಟ್ ಇದ್ಯಾ? ತಂದ್ರೆ ಒಂದು ಚಿತ್ರ ತೆಗೀಬಹುದು’ ಅಂದಿರಿ. ಅವರು ತಟ್ಟೆ ಹಾಗೇ ಬಿಟ್ಟು ಮನೆಗೆ ಓಡಿ, ಮೊಳೆಗೆ ನೇತು ಹಾಕಿದ್ದನ್ನು ತಂದು, ದೂಳು ಒರೆಸಿ ಹಾಕಿಕೊಂಡು ನಿಂತರು. ವಾಪಸ್ ಬರುವಷ್ಟರಲ್ಲಿ ಪ್ಯಾನ್‌ಕೇಕ್ ತಣ್ಣಗಾಗಿತ್ತು. ಆ ಚಿತ್ರದ ಕೆಳಗೆ ನೀವು ಬರೆಸಿದ್ದೀರಿ: ‘ದೇಶಕ್ಕೆ ಬೆಳಕು ಕೊಟ್ಟ ಕೈಗಳು. ಇವರನ್ನು ನಾನು ಎಂದೂ ಕೈಬಿಡುವುದಿಲ್ಲ.’

ಎರಡೂ ನಿಲುವು ನಿಮ್ಮವೇ. ಒಂದೇ ಜಾಲತಾಣ, ಒಂದೇ ಮನುಷ್ಯ. ಚಿತ್ರದಲ್ಲಿದ್ದಾಗ ವರ್ಲಿನ್ ವೀರ, ವ್ಯಾನಿನಲ್ಲಿದ್ದಾಗ ಪೋಲು. ಇದು ಹೇಗೆಂದು ನನಗೊಬ್ಬಳಿಗೆ ಅರ್ಥವಾಗುತ್ತಿಲ್ಲವೋ, ಅಥವಾ ಅರ್ಥವಾಗಬಾರದೆಂದೇ ಬೇರೆ ಬೇರೆ ಪುಟದಲ್ಲಿ ಹಾಕಿದ್ದೀರೋ?

ಹೋದ ಬುಧವಾರ ಚರ್ಚಿನ ಬಾಗಿಲಿಗೆ ಕೌಂಟಿ ಆರೋಗ್ಯ ಕಚೇರಿಯವರು ನೋಟಿಸು ಅಂಟಿಸಿದರು. ಮಸೂದೆ ಪಾಸಾದರೆ ಈ ತಿಂಗಳ ಮೂವತ್ತನೇ ತಾರೀಖು ಶುಕ್ರವಾರದ್ದೇ ವ್ಯಾನಿನ ಕೊನೆಯ ಪ್ರಯಾಣ. ಟ್ರೆಸ್ಸಿ ನಮ್ಮನ್ನು ಮನೆ ಬಾಗಿಲಿಗೇ ತಂದು ಇಳಿಸಿ, ‘ಬರೋ ವಾರ ಮತ ಏನಾಗತ್ತೋ ನೋಡೋಣ ವರ್ಲಿನ್ ಮಾಮ, ತಲೆ ಕೆಡಿಸ್ಕೋಬೇಡಿ’ ಎಂದಳು. ನಮ್ಮವರು ಜಗಲಿಯ ಮೆಟ್ಟಿಲ ಮೇಲೆ ಕೂತರು, ಶೂ ಲಾಡಿಯನ್ನೂ ಬಿಚ್ಚಲಿಲ್ಲ.

‘ಓರ್ಫಾ, ಮೂವತ್ತರ ಮೇಲೆ ನಾನ್ ಹೋಗಲ್ಲ ಕಣೆ.’

‘ಹೋಗ್ದೆ?’

‘ಹೋಗ್ದೆ ಇಲ್ಲೇ ಕೂತಿರ್ತೀನಿ. ತಿನ್ಬಾರ್ದು ಅಂದಿರೋ ಬೀನ್ಸ್ ಮಾಡು, ಟೊಮೇಟೊನೂ ಹಾಕು. ಮೂರು ವರ್ಷದಿಂದ ನೀರನ್ನೂ ಅಳ್ದು ಅಳ್ದು ಕೊಡ್ತಿದೀಯ. ಒಂದು ಚೊಂಬು ತುಂಬ ಕುಡೀತೀನಿ.’

‘ಡಾಕ್ಟ್ರು ಏನಂದ್ರು ನೆನಪಿದ್ಯಾ? ಬಿಟ್ರೆ ಹತ್ತು ದಿನ ಅಂದ್ರು.’

‘ಮೂವತ್ತೆಂಟು ವರ್ಷ ನೆಲದ ಒಳಗೇ ಇದ್ದೋನಿಗೆ ದಾರಿ ಹೊಸದಾ?’ ಎಂದು ನಕ್ಕರು. ನಾನು ನಗಲಿಲ್ಲವೆಂದು ನೋಡಿ ನನ್ನ ಕೈ ಹಿಡಿದುಕೊಂಡರು. ‘ನಿನ್ ತಪ್ಪಲ್ಲ ಕಣೆ ಆ ಕಾರ್ಡು. ಕೇಳಿದ್ರು, ಹೇಳ್ದೆ. ಅಷ್ಟೇ.’

ನಾನು ಅದರ ಸುದ್ದಿಯನ್ನೇ ಎತ್ತಿರಲಿಲ್ಲ. ಇಷ್ಟು ದಿನವೂ ಎತ್ತಿರಲಿಲ್ಲ. ನನ್ನ ಎದೆಯೊಳಗೆ ಕೂತದ್ದು ಅವರಿಗೆ ಎಂದಿನಿಂದ ಗೊತ್ತಿತ್ತೋ. ಐವತ್ತಮೂರು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವರು. ಅವರು ಬದುಕು ಸಾಕಾಗಿ ಹೇಳಿದ್ದಾಗಿದ್ದರೆ ನಾನು ಎದೆ ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಅವರಿಗೆ ಸಾಕಾಗಿಲ್ಲ. ನಿನ್ನೆ ಕೂಡ ಹಿತ್ತಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಬರುವ ಬೇಸಿಗೆಗೆಂದು ಬೀನ್ಸ್ ಬೀಜ ಬಿಡಿಸಿ ಡಬ್ಬಿಗೆ ಹಾಕಿಟ್ಟಿದ್ದಾರೆ. ನನಗೆ ಭಾರವಾಗಬಾರದು, ಕಣ್ಣು ಕಾಣದವಳು ಊರವರ ಬಾಗಿಲು ಬಾಗಿಲಿಗೂ ಹೋಗಿ ಕಾರು ಬೇಡಬಾರದು ಎಂದು ಹೀಗೆ ಮಾಡುತ್ತಿದ್ದಾರೆ. ಬೇಡುವುದಕ್ಕೆ ನನಗೆ ನಾಚಿಕೆಯಿಲ್ಲ. ಇಗೋ, ಇಡೀ ಕೌಂಟಿಯ ಮುಂದೆ ನಿಮ್ಮನ್ನು ಬೇಡುತ್ತಿದ್ದೇನೆ.

ಮೇಲ್ಮನೆಯಿಂದ ಮಸೂದೆ ನಿಮ್ಮ ಸದನಕ್ಕೆ ಮರಳಿದೆಯಂತೆ, ಮಂಗಳವಾರ ಕೊನೆಯ ಮತವಂತೆ. ಒಂದೆರಡು ಮತದಲ್ಲಿ ಆಚೀಚೆ ಆಗುವ ಹಾಗಿದೆಯೆಂದು ರೇಡಿಯೊದಲ್ಲಿ ಹೇಳಿದರು. ಆ ದಿನ ಎದ್ದು ನಿಂತು ‘ಇಲ್ಲ’ ಅನ್ನಿ. ನಿಮ್ಮ ಪಕ್ಷದವರು ಮುಖ ತಿರುಗಿಸಬಹುದು. ತಿರುಗಿಸಲಿ, ಮುಖ ತಿರುಗಿಸಿದ್ದಕ್ಕೆ ಯಾರೂ ಹತ್ತು ದಿನದಲ್ಲಿ ಸಾಯುವುದಿಲ್ಲ. ‘ನನ್ನ ಜನ ಹೌದು ಅಂದಿದ್ದಾರೆ’ ಎಂದು ಮಾತ್ರ ಹೇಳಬೇಡಿ. ಆ ವ್ಯಾನಿನ ಏಳು ಜನರೂ ನಾನೂ ನಮ್ಮ ಗುರುತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ. ಎಲ್ಲರ ಸಹಿ ಈ ಪತ್ರದ ಜೊತೆಗಿಟ್ಟ ಹಾಳೆಯಲ್ಲಿದೆ. ಕೈ ನಡುಗುವವರೂ ಈ ಸಲ ತಾವೇ ಹಾಕಿದ್ದಾರೆ, ಅದಕ್ಕೇ ಗೆರೆ ದಾಟಿದೆ.

ಅಷ್ಟೂ ಆಗದಿದ್ದರೆ, ‘ಹೌದು’ ಎನ್ನಲೇಬೇಕೆಂದಿದ್ದರೆ, ಇನ್ನೊಂದು ಸಣ್ಣ ಕೆಲಸ ಮಾಡಿ. ಮತ ಹಾಕುವ ಮೊದಲು ನನ್ನ ಗಂಡನ ಚಿತ್ರವನ್ನು ನಿಮ್ಮ ನಿಲುವುಗಳಿಂದ ತೆಗೆಸಿ. ಅವರ ನಗು ನನ್ನದು. ಅದನ್ನು ನಿಮಗೆ ಕೊಡುತ್ತೇನೆಂದು ನಾನು ಯಾವ ಕಾರ್ಡಿನ ಮೇಲೂ ಗುರುತು ಹಾಕಿಲ್ಲ.

ಇಂತಿ,
ಕೇಳಿದ ಕೂಡಲೇ ಉತ್ತರ ಬರೆದು ಕೆಟ್ಟ, ನಿಮ್ಮ ಉತ್ತರಕ್ಕೆ ಮಂಗಳವಾರದವರೆಗೆ ಮಾತ್ರ ಕಾಯಬಲ್ಲ
ಓರ್ಫಾ ಸ್ಟಿಡಮ್