ಮುಖಪುಟದ ಕುರ್ಚಿಗೆ ಹೆಗಲು ಬೇಕಾಗಿದೆ

ಜೀವನಮಟ್ಟದ ವರದಿ ಬರೆದ ಹಿರಿಯ ಅಧಿಕಾರಿಗಳಿಗೆ

ಮಾನ್ಯರೇ,

ನಿಮ್ಮ ವರದಿಯ ಮುಖಪುಟದಲ್ಲಿ ಕುರ್ಚಿಯ ಮೇಲೆ ಕೂತು ಹೊಳೆ ದಾಟುತ್ತಿರುವ ಮುದುಕಿ ನನ್ನ ತಾಯಿ. ಆಕೆ ನಗುತ್ತಿಲ್ಲ, ಎದೆನೋವಿಗೆ ಹಲ್ಲು ಕಚ್ಚಿಕೊಂಡಿದ್ದಾಳೆ. ಕೆಳಗೆ ನೀವು ದಪ್ಪಕ್ಷರದಲ್ಲಿ 'ಡೊಮಿನಿಕಾದಲ್ಲಿ ನೆರೆಹೊರೆಯೇ ಸಂಪತ್ತು' ಎಂದು ಅಚ್ಚು ಹಾಕಿಸಿದ್ದೀರಿ. ಆ ಕುರ್ಚಿ ರಸ್ತೆ ಮುಟ್ಟುವಷ್ಟರಲ್ಲಿ ಅಮ್ಮ ತೀರಿಕೊಂಡಿದ್ದಳು. ಅದನ್ನು ಬರೆಯಲು ಪುಟದಲ್ಲಿ ಜಾಗ ಸಾಲಲಿಲ್ಲವೇನೋ.

ಎರಡು ದ್ವೀಪಗಳ ಬದುಕನ್ನು ತಕ್ಕಡಿಗೆ ಹಾಕಿದ್ದೀರಿ. ಸಂಬಳ, ನಲ್ಲಿನೀರು, ಆಸ್ಪತ್ರೆ ಎಲ್ಲದರಲ್ಲೂ ಬಾರ್ಬಡೋಸ್ ಮುಂದೆ. ಆದರೆ 'ಪರಸ್ಪರ ಸಹಕಾರ'ದಲ್ಲಿ ನಾವು ಎಷ್ಟು ಮುಂದಿದ್ದೇವೆಂದರೆ, ಒಟ್ಟಾರೆ ಇಬ್ಬರೂ ಸರಿಸಮವಂತೆ! ಭಲೇ! ಸೇತುವೆ ಇಲ್ಲದ ಊರಿನಲ್ಲಿ ಜನ ಒಬ್ಬರನ್ನೊಬ್ಬರು ಹೊರದೆ ಇನ್ನೇನು ಮಾಡುತ್ತಾರೆ ಸ್ವಾಮಿ? ಹಾಗಾದರೆ ಉಳಿದಿರುವ ಸೇತುವೆಗಳನ್ನೂ ಕೆಡವಿಸಿಬಿಡಿ, ಬಾರ್ಬಡೋಸನ್ನು ಹಿಂದೆ ಹಾಕಬಹುದು.

ನಾನು ಕೆಸವಿನ ಗೆಡ್ಡೆ, ಬಾಳೆಕಾಯಿ ಮೂಟೆ ಕಟ್ಟಿಕೊಂಡು ದೋಣಿಯಲ್ಲಿ ಬಾರ್ಬಡೋಸಿನ ಬ್ರಿಡ್ಜ್‌ಟೌನ್ ಸಂತೆಗೆ ಹೋಗಿ ಮಾರುವವಳು. ಅಲ್ಲಿ ತಂಗಿ ವೆರೋನಿಕಳ ಮನೆಯಲ್ಲಿ ಉಳಿಯುತ್ತೇನೆ. ಎರಡೂ ಕಡೆಯ ಅಡುಗೆಮನೆ ನನಗೆ ಗೊತ್ತು. ಅಮ್ಮನಿಗೆ ಬಂದ ಎದೆನೋವೇ ಅವಳಿಗೂ ಬಂತು. ಅವಳು ತಲೆವಸ್ತ್ರ ಕಟ್ಟಿಕೊಳ್ಳುವಷ್ಟರಲ್ಲಿ ಆಂಬುಲೆನ್ಸ್ ಬಾಗಿಲಲ್ಲಿತ್ತು. ಬದುಕಿದಳು. ಆದರೆ ಮನೆಗೆ ಬಂದ ಮೇಲೆ ಆ ಕಟ್ಟಡದಲ್ಲಿ ಒಬ್ಬರೂ ಬಾಗಿಲು ತಟ್ಟಲಿಲ್ಲ. "ಎಲ್ಲಾ ಕೊಟ್ರು ಅಕ್ಕಾ, ಒಂದು ಲೋಟ ಸೂಪು ಕೊಡೋರು ಮಾತ್ರ ಇರಲಿಲ್ಲ," ಎಂದು ನನ್ನ ಮುಂದೆ ಅತ್ತಳು. ಹಾಗಾಗಿ ನಿಮ್ಮ ಮಾತು ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅಳುವುದಕ್ಕಾದರೂ ಆಕೆ ಇದ್ದಾಳಲ್ಲ!

ಇಲ್ಲಿ ಏನಾಯಿತು, ಅದನ್ನೂ ಕೇಳಿ. ಬಿರುಗಾಳಿ ಸೇತುವೆಯನ್ನು ಕೊಚ್ಚಿಕೊಂಡು ಹೋಗಿ ಎಷ್ಟೋ ಕಾಲವಾಗಿತ್ತು. ಅಮ್ಮ ಎದೆ ಹಿಡಿದುಕೊಂಡಾಗ ನಾನು ಅಂಗಳದಲ್ಲಿ ನಿಂತು ಶಂಖ ಊದಿದೆ. ನಮ್ಮಲ್ಲಿ ಶಂಖ ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರಬೇಕು, ಕರೆದವರು ಊಟ ಹಾಕಬೇಕು, ಮುಂದೊಂದು ದಿನ ಮುಯ್ಯಿ ತೀರಿಸಬೇಕು. ಆರು ಜನ ಓಡಿ ಬಂದರು. ಕುರ್ಚಿಗೆ ಬೊಂಬು ಕಟ್ಟಿ ಅಮ್ಮನನ್ನು ಎತ್ತಿದರು.

"ಲೋ ಜೋಸಫಾ, ನಾನೇನು ಬಾಳೆಗೊನೆಯೇನೋ, ಹಿಂಗೆ ಅಲ್ಲಾಡಿಸ್ತೀಯಲ್ಲ!" ಎಂದಳು ಅಮ್ಮ ನಡುನೀರಿನಲ್ಲಿ.

"ಬಾಳೆಗೊನೆ ಆಗಿದ್ರೆ ಬಾಯಿ ಮುಚ್ಕೊಂಡು ಬರ್ತಿತ್ತು ಅತ್ತೆ," ಎಂದ ಮುಂದಿನ ಬೊಂಬು ಹೊತ್ತಿದ್ದ ಜೋಸಫ್. ಆರು ಜನರೂ ನಕ್ಕರು. ಸೇತುವೆ ನೋಡಲು ಬಂದು ಆಚೆ ದಡದಲ್ಲಿ ನಿಂತಿದ್ದ ನಿಮ್ಮ ಕಚೇರಿಯವರು ಫೋಟೊ ತೆಗೆದದ್ದು ಆಗಲೇ. ಅಮ್ಮ ಆಡಿದ ಕೊನೆಯ ಮಾತೂ ಆ ಬಾಳೆಗೊನೆಯ ಮಾತೇ. ಅದೇ ಕುರ್ಚಿಯಲ್ಲಿ ಅದೇ ಆರು ಜನ ಆಕೆಯನ್ನು ವಾಪಸ್ ತಂದರು. ನಾನು ಬೇಯಿಸಿಟ್ಟ ದೀವಿ ಹಲಸನ್ನು ಯಾರೂ ಮುಟ್ಟಲಿಲ್ಲ.

ಈಗ ನನ್ನ ಮಗಳು ಜೊಯೆಲ್ ಬಸುರಿ. ದಿನ ತುಂಬುವುದು ಮಳೆಗಾಲಕ್ಕೆ, ಹೊಳೆ ಉಕ್ಕುವ ಹೊತ್ತಿಗೆ. ನಿಮ್ಮ ಮುಖಪುಟದ ಆರು ಜನರಲ್ಲಿ ನಾಲ್ವರು ಈಗ ಬಾರ್ಬಡೋಸಿನಲ್ಲಿ ಸಿಮೆಂಟು ಹೊರುತ್ತಿದ್ದಾರೆ. ಜೋಸಫನೂ ಹೋದ. ಅವರನ್ನು ಬೈಯಲಾರೆ, ಹೊಟ್ಟೆಪಾಡು. ಆದರೆ ನನ್ನ ಶಂಖದ ದನಿ ಸಮುದ್ರ ದಾಟುವುದಿಲ್ಲ.

"ಚಿಕ್ಕಮ್ಮನ ಮನೆಗೆ ಹೋಗಿ ಹೆತ್ತು ಬಾರೇ," ಎಂದೆ ಮಗಳಿಗೆ.

"ಹೊಕ್ಕುಳಬಳ್ಳಿ ಎಲ್ಲಿ ಹೂಳ್ತೀಯಮ್ಮಾ? ಚಿಕ್ಕಮ್ಮನ ಮೂರನೇ ಮಹಡೀಲಾ? ನನ್ನದು, ನಿನ್ನದು, ಅಜ್ಜಿದು, ಎಲ್ಲಾ ಈ ದೀವಿ ಹಲಸಿನ ಬುಡದಲ್ಲೇ ಇದೆ. ನನ್ನ ಕೂಸಿಂದೂ ಇಲ್ಲೇ," ಎಂದಳು. ಹಟಮಾರಿ, ಅಜ್ಜಿಯ ಪಡಿಯಚ್ಚು. ನನಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲ ಸ್ವಾಮಿ. ಮಳೆ ಮೋಡ ಕಂಡರೆ ಹೊಳೆಯ ನೀರು ನೋಡಲು ಓಡುತ್ತೇನೆ. ಹುಟ್ಟಿದ ಊರಿನಲ್ಲೇ ಹೆರುತ್ತೇನೆ, ಬದುಕುತ್ತೇನೆ ಎನ್ನುವುದು ಅಷ್ಟು ದೊಡ್ಡ ಆಸೆಯೇ? ಇದಕ್ಕೆ ನಿಮ್ಮ ವರದಿಯಲ್ಲಿ ಎಷ್ಟು ಅಂಕ?

ಆದ್ದರಿಂದ ಮಳೆಗೆ ಮುಂಚೆ ನಮ್ಮ ಸೇತುವೆ ಕಟ್ಟಿಸಿ. ಆಗದಿದ್ದರೆ ನಮ್ಮ ಊರಿನ ಕಟ್ಟಳೆಯಂತೆ ನಡೆದುಕೊಳ್ಳಿ. ನಮ್ಮ ಆರು ಹೆಗಲುಗಳ ಮೇಲೆ ನಿಮ್ಮ ವರದಿಯನ್ನು ದಡ ಸೇರಿಸಿಕೊಂಡಿದ್ದೀರಿ, ಆ ಮುಯ್ಯಿ ಇನ್ನೂ ತೀರಿಲ್ಲ. ನಾಲ್ಕು ಹೆಗಲು ಕಡಿಮೆ ಬಿದ್ದಿದೆ. ಶಂಖ ಊದಿದಾಗ ತಾವೂ, ತಮ್ಮ ಕಚೇರಿಯ ಇನ್ನು ಮೂವರೂ ಬರಬೇಕು. ಕ್ಯಾಮೆರಾ ಬೇಡ, ಎರಡೂ ಕೈ ಬೊಂಬಿಗೆ ಬೇಕಾಗುತ್ತದೆ. ಊಟ ನಾನು ಹಾಕುತ್ತೇನೆ.

ಕುರ್ಚಿಗೆ ಹೊಸ ಹಗ್ಗ ಬಿಗಿದಿಟ್ಟಿದ್ದೇನೆ.

ಇಂತಿ,
ತಮ್ಮ ವರದಿಯಲ್ಲಿ ಬಾರ್ಬಡೋಸಿಗೆ ಸರಿಸಮಳಾಗಿರುವ,
ಆಲ್ಫೋನ್ಸಿನ್ ರೆಜಿಸ್
ಹೊಳೆಯ ಈಚೆ ದಡದಿಂದ